ಹಿಂದಿನ ಮನೆಯ ನೆಂಟರು

“ಅಪ್ಪನ ಚಿಕ್ಕಪ್ಪನ ಮಗಳು. ಅಷ್ಟು ಹೇಳಿದ್ರೆ ಸಾಕು ಚಿಕ್ಕಮ್ಮ, ಮುಂದಿನದು ನಾನು ನೋಡ್ಕೋತೀನಿ,” ಎಂದ ಮನೆಯೊಡತಿಯ ಮಗ. ಹೊಲಿಗೆ ಯಂತ್ರದ ಪಕ್ಕದಲ್ಲಿದ್ದ ಬಟ್ಟೆಗಂಟಿನ ಮೇಲೆ, ಚಿಕ್ಕಂದಿನಿಂದ ಕೂತು ಅಭ್ಯಾಸವಾದವನಂತೆ, ಕಾಲು ಚಾಚಿ ಕೂತಿದ್ದ.

“ಯಾವ ಚಿಕ್ಕಪ್ಪನೋ? ನಿಮ್ಮ ತಾತಂಗೆ ತಮ್ಮಂದಿರೇ ಇರ್ಲಿಲ್ವಲ್ಲ.”

“ಒಬ್ರು ಇದ್ರು ಅನ್ಕೋ. ಸತ್ತುಹೋದ್ರು ಅನ್ಕೋ.”

“ಹುಟ್ಟಿಸಿದ ಬಾಯಲ್ಲೇ ಸಾಯಿಸಿಬಿಟ್ಯಲ್ಲೋ,” ಎಂದು ಯಂತ್ರದ ಮುಂದಿದ್ದ ಹೊಲಿಗೆಯವಳು ನಕ್ಕಳು. ಬಾಯಲ್ಲಿ ಗುಂಡುಪಿನ್ನುಗಳಿದ್ದುದರಿಂದ ತುಟಿಯ ಒಂದೇ ತುದಿಯಲ್ಲಿ ನಕ್ಕಳು. ಕಿಟಕಿಯ ಬಳಿ ಯಾರದೋ ಕೋಟಿಗೆ ಗುಂಡಿ ಹೊಲಿಯುತ್ತಿದ್ದ ಅವಳ ಮಗಳು ತಲೆ ಎತ್ತಲಿಲ್ಲ.

ವಿಷಯ ಇಷ್ಟೇ. ಮುಂದಿನ ದೊಡ್ಡ ಮನೆಯನ್ನೂ ಹಿತ್ತಲಲ್ಲಿದ್ದ ಈ ಎರಡು ಕೋಣೆಗಳನ್ನೂ ಕೆಡವಿ, ಅಲ್ಲಿ ಐದು ಮಹಡಿಯ ಕಟ್ಟಡ ಏಳಬೇಕಿತ್ತು. ಇಂಥ ಶ್ರೀಮಂತರ ಬೀದಿಗಳಿಗೆಂದೇ ಹೊಸದೊಂದು ನಿಯಮ ಬಂದಿತ್ತು: ಹಳೆಯ ಜಾಗದಲ್ಲಿ ಕಡಿಮೆ ವರಮಾನದ ಬಾಡಿಗೆದಾರರು ಇದ್ದರೆ, ಹೊಸ ಕಟ್ಟಡದಲ್ಲೂ ಅವರಿಗೆ ಹಳೆಯ ಬಾಡಿಗೆಗೇ ಒಂದು ಮನೆ ಕೊಡಬೇಕು. ಮನೆಯವರ ನೆಂಟರಿಗೆ ಅದು ಅನ್ವಯಿಸುವುದಿಲ್ಲ. ನೆಂಟರನ್ನು ನೋಡಿಕೊಳ್ಳುವುದು ಮನೆಯವರ ಪಾಡು. ತಾಯಿ ಪ್ರತಿ ತಿಂಗಳೂ ಬಾಡಿಗೆ ಕೊಡುತ್ತಿದ್ದದ್ದು ಮನೆಯೊಡತಿಯ ಕೈಗೆ, ಅಡುಗೆಮನೆಯ ಹಿಂಬಾಗಿಲಲ್ಲಿ ನಿಂತು. ಅದಕ್ಕೆ ಚೀಟಿ ಇಲ್ಲ, ಸಾಕ್ಷಿ ಇಲ್ಲ. ನಗರಸಭೆಯ ಅಧಿಕಾರಿ ಬಂದು ಕೇಳಿದಾಗ ಇವರ ಬಾಯಿಂದ ಏನು ಬರುತ್ತದೋ ಅದೇ ನಿಜ.

“ನನಗೇನು ನಿನ್ನ ಮೇಲೆ ಸಿಟ್ಟಾ ಚಿಕ್ಕಮ್ಮ?” ಅವನ ದನಿ ತಗ್ಗಿತು. “ಕಟ್ಟೋನು ಕೇಳಲ್ಲ. ಅಂಥದೊಂದು ಮನೆ ಒಳಗಿದೆ ಅಂದ್ರೆ ಉಳಿದ ಮನೆ ಕೊಳ್ಳೋಕೆ ಬಂದೋರು ಮೆಟ್ಟಿಲಲ್ಲೇ ಮುಖ ಸಿಂಡರಿಸ್ಕೊಂಡು ಹೋಗ್ತಾರಂತೆ. ಊರಾಚೆ ನಿಂಗೊಂದು ಒಳ್ಳೆ ಮನೆ ನೋಡಿದ್ದೀನಿ. ಗಾಳಿ ಬೆಳಕು ಎಲ್ಲ ಇದೆ. ಬಸ್ಸು ಒಂದೆರಡು ಬದಲಾಯಿಸ್ಬೇಕು, ಅಷ್ಟೇ. ನೀನು ಹೊರಗಿನೋಳು ಅಂತ ನಾನ್ಯಾವತ್ತಾದ್ರೂ ಅನ್ಕೊಂಡಿದ್ದೀನಾ, ಹೇಳು?”

ಪಿನ್ನುಗಳನ್ನು ಒಂದೊಂದಾಗಿ ತೆಗೆದು ತಾಯಿ ಡಬ್ಬಿಗೆ ಹಾಕಿದಳು. “ಇಲ್ಲ ಕಣೋ,” ಎಂದಳು. “ಹೇಳ್ತೀನಿ ಬಿಡು.”

ಅವನು ಹೋದ ಮೇಲೆ ಮಗಳು ಬಹಳ ಹೊತ್ತು ಮನಸ್ಸಿನಲ್ಲೇ ವಾಕ್ಯ ಕೂಡಿಸಿದಳು. ಪದವಿ ಮುಗಿಸಿದ್ದರೂ ಎದುರಿಗೆ ಮಾತಾಡುವುದೆಂದರೆ ಅವಳಿಗೆ ಪರೀಕ್ಷೆಯ ಕೋಣೆಗೆ ಹೋದಂತೆ. ಹೇಳಬೇಕಾದದ್ದನ್ನು ತಿದ್ದಿ ತೀಡಿ ಮುಗಿಸುವಷ್ಟರಲ್ಲಿ ಎದುರಿಗಿದ್ದವರು ಎದ್ದು ಹೋಗಿರುತ್ತಿದ್ದರು. ತಾಯಿ ಮಾತ್ರ ಎಲ್ಲಿಗೂ ಎದ್ದು ಹೋಗುವವಳಲ್ಲ.

“ಅಮ್ಮ, ನೆಂಟರು ಅಂದ್ಬಿಟ್ರೆ ಮನೆ ಹೋಗುತ್ತೆ.”

“ಹೋದ್ರೆ ಇನ್ನೊಂದಿದ್ಯಲ್ಲ.”

“ಅಲ್ಲಿ ನಿನ್ನ ಹತ್ರ ಯಾರು ಹೊಲಿಸ್ತಾರೆ?”

“ಬಟ್ಟೆ ಹಾಕ್ಕೊಳ್ಳೋ ಜನ ಎಲ್ಲ ಕಡೇನೂ ಇರ್ತಾರೆ ಕಣೇ.”

ಆದರೆ ಇಲ್ಲಿಯಷ್ಟು ಬೇಗ ದಪ್ಪಗಾಗುವ ಜನ ಎಲ್ಲೂ ಇಲ್ಲ ಎಂದು ತಾಯಿಯೇ ಎಷ್ಟೋ ಸಲ ತಮಾಷೆ ಮಾಡಿದ್ದುಂಟು. ಈ ಬೀದಿಯ ಸೊಂಟಗಳನ್ನು ಬಿಚ್ಚಿ ಅಗಲ ಮಾಡಿಯೇ ಅವಳು ಮಗಳನ್ನು ಓದಿಸಿದ್ದಳು. ಊರಾಚೆಯಿಂದ ಬಸ್ಸು ಹಿಡಿದು ಬಂದು ಯಾರ ಬಾಗಿಲಲ್ಲಿ ನಿಂತು, ಹೊಲಿಯುವುದೇನಾದರೂ ಇದೆಯೇ ಎಂದು ಕೇಳುವುದು? ತಾಯಿ ಯಂತ್ರದ ಮುಂದೆ ಕೂತಳು. ಸೂಜಿಯ ಕೆಳಗೆ ಬಟ್ಟೆ ಇಟ್ಟಳು. ಪಾದ ಮಾತ್ರ ಹಲಗೆಯ ಮೇಲೆ ಸುಮ್ಮನೆ ಇತ್ತು.

ಅಧಿಕಾರಿ ಬಂದದ್ದು ಮೂರು ದಿನಗಳ ನಂತರ, ಮಧ್ಯಾಹ್ನ. ದಪ್ಪನೆಯ, ಮಾತುಗಾರ ಹೆಂಗಸು. ಗೇಟಿನಿಂದ ಹಜಾರದವರೆಗೆ ನಡೆದದ್ದಕ್ಕೇ ಏದುಸಿರು ಬಿಡುತ್ತ, ಕೈಯಲ್ಲಿದ್ದ ಫೈಲಿನಿಂದ ಗಾಳಿ ಹಾಕಿಕೊಂಡಳು. “ಈ ಬೀದೀಲಿ ಮನೆಗಳಿಗಿಂತ ಮನೆ ಮುಂದಿನ ದಾರಿಗಳೇ ಉದ್ದ ಮಾರಾಯ್ರೇ,” ಎಂದಳು. ಮನೆಯೊಡತಿ ನಕ್ಕು, ತಾಯಿ-ಮಗಳಿಬ್ಬರನ್ನೂ ಒಳಗೆ ಕರೆದಳು. ತಾಯಿ ಸೋಫಾದ ಅಂಚಿನಲ್ಲಿ ಕೂತಳು. ಅದರ ಹೊದಿಕೆ ಹೊಲಿದವಳು ಅವಳೇ, ಆದರೆ ಅದರ ಮೇಲೆ ಕೂತದ್ದು ಇದೇ ಮೊದಲು. ಒಂದು ಕಡೆ ಹೊಲಿಗೆ ಸಡಿಲಾದದ್ದು ಕಣ್ಣಿಗೆ ಬಿದ್ದು, ಬೆರಳು ತಾನಾಗಿಯೇ ಆ ಜಾಗವನ್ನು ಸವರಿತು.

“ಹಿಂದುಗಡೆ ಇರೋರು ಇವರೇನಾ?”

“ಇರೋರು ಅಂದ್ರೆ ನಮ್ಮವರೇ,” ಎಂದಳು ಮನೆಯೊಡತಿ. “ನಮ್ಮ ಯಜಮಾನ್ರ ಚಿಕ್ಕಪ್ಪನ ಮಗಳು. ಗಂಡ ಹೋದ ಮೇಲೆ ಇಲ್ಲೇ ಇರು ಅಂತ ಇಟ್ಕೊಂಡ್ವಿ.”

ಅಧಿಕಾರಿ ಪೆನ್ನು ತೆಗೆದಳು. ಅಷ್ಟರಲ್ಲಿ ಮಗ ಬಿಸ್ಕತ್ತಿನ ತಟ್ಟೆ ಹಿಡಿದು ಬಂದ. “ಚಿಕ್ಕಮ್ಮ, ಟೀ ಆರಿಹೋಗ್ತಿದೆ, ಕುಡಿ,” ಎಂದ.

ಪೆನ್ನು ನಿಂತಿತು.

“ಚಿಕ್ಕಮ್ಮ ಅಂತೀರಾ ಇವರನ್ನ?”

“ಹೂಂ. ಚಿಕ್ಕೋನಾಗಿದ್ದಾಗಿಂದ.”

“ಅಪ್ಪನ ತಂಗಿ ಆದ್ರೆ ಅತ್ತೆ ಆಗ್ಬೇಕಲ್ಲಪ್ಪ!” ಅವಳು ಮನಸಾರೆ ನಕ್ಕಳು. “ನಮ್ಮನೇಲಿ ಹಿಂಗೆ ಕರೆದಿದ್ರೆ ನಮ್ಮತ್ತೆ ಊಟ ಬಿಟ್ಟು ಕೂತ್ಬಿಡೋರು.” ಮಗಳ ಕಡೆ ತಿರುಗಿದಳು. “ಮತ್ತೆ ನೀನು ಇವರನ್ನ ಏನಂತ ಕರೀತೀಯಮ್ಮ?”

“ಅಣ್ಣ,” ಎಂದಳು ಮಗಳು.

“ಮಾವನ ಮಗನ್ನ ಅಣ್ಣ ಅಂತಾಳೆ ಹುಡುಗಿ! ಮದುವೆ ಬೇಡ ಅನ್ನೋದಕ್ಕೆ ಇದೊಂದು ಉಪಾಯ ಇರ್ಬೇಕು.”

ಯಾರೂ ನಗಲಿಲ್ಲ. ಮಗನ ಕಿವಿ ಕೆಂಪಾಯಿತು. ಅಪ್ಪನಿಗೊಬ್ಬ ಚಿಕ್ಕಪ್ಪನನ್ನು ಹುಟ್ಟಿಸಿ ಸಾಯಿಸಿದವನಿಗೆ, ದಿನಾ ಬಾಯಿ ತುಂಬ ಕರೆಯುತ್ತಿದ್ದ ಮಾತು ಎಡವುಗಲ್ಲಾದೀತೆಂದು ಹೊಳೆದಿರಲಿಲ್ಲ. ಅಧಿಕಾರಿಯ ನಗು ಮೆಲ್ಲಗೆ ಇಳಿಯಿತು. ಅವಳು ಒಬ್ಬೊಬ್ಬರ ಮುಖವನ್ನೂ ನೋಡತೊಡಗಿದಳು.

“ಅಯ್ಯೋ, ಅದು ನನ್ನ ಕಡೆ ಸಂಬಂಧ,” ಎಂದಳು ಮನೆಯೊಡತಿ ಥಟ್ಟನೆ. “ಅವರ ಕಡೆಯಿಂದಲೂ ಆಗ್ಬೇಕು, ನನ್ನ ಕಡೆಯಿಂದಲೂ ಆಗ್ಬೇಕು. ನನ್ನ ಚಿಕ್ಕಮ್ಮನ ಮಗಳು. ನನಗೆ ತಂಗಿ.” ಹಾಗೆನ್ನುತ್ತ ಕೈ ಚಾಚಿ ತಾಯಿಯ ಕೈಯ ಮೇಲೆ ಇಟ್ಟಳು.

ಮಗಳು ತಾಯಿಯನ್ನು ನೋಡಿದಳು. ಆ ಮುಖದಲ್ಲಿ ಸುಳ್ಳು ಹೇಳುವವರ ಕಳವಳ ಇರಲಿಲ್ಲ. ಯಾರೋ ತುಂಬಿದ ಬಸ್ಸಿನಲ್ಲಿ ಎದ್ದು ಜಾಗ ಕೊಟ್ಟಾಗ ಬರುವಂಥ, ನಂಬಲೋ ಬೇಡವೋ ಎನ್ನುವ ಬೆಳಕು ಇತ್ತು. ಮನೆಯೊಡತಿಯನ್ನು ಇಷ್ಟು ವರ್ಷ ‘ಅಮ್ಮಾವ್ರೆ’ ಬಿಟ್ಟು ಬೇರೆ ಮಾತಿನಿಂದ ಕರೆದವಳಲ್ಲ.

“ಹೌದೇನಮ್ಮ?” ಅಧಿಕಾರಿ ಕೇಳಿದಳು. “ಬಾಡಿಗೆಗೆ ಇದ್ದೀರೋ, ಸಂಬಂಧಿಕರಾಗಿ ಇದ್ದೀರೋ? ನಿಮ್ಮ ಬಾಯಲ್ಲೇ ಹೇಳಿ.”

“ಇವರು ನನ್ನ ಅಕ್ಕ,” ಎಂದಳು ತಾಯಿ.

ಅಧಿಕಾರಿ ತಲೆ ಬಗ್ಗಿಸಿ ಬರೆಯತೊಡಗಿದಳು. ಆಗ ಮನೆಯೊಡತಿಯ ಕೈ ಮೇಲೆದ್ದಿತು. ಬಿಸಿಯಿದೆಯೋ ಇಲ್ಲವೋ ಎಂದು ಮುಟ್ಟಿ ನೋಡಿ ತೆಗೆದಂತೆ ಎದ್ದು, ಅವಳದೇ ಮಡಿಲಲ್ಲಿ ಹೋಗಿ ಕೂತಿತು. ಪುಟ ತಿರುವಲು ಅಧಿಕಾರಿ ತಲೆ ಎತ್ತಿದಾಗ ಮತ್ತೆ ಬಂದು ತಾಯಿಯ ಕೈಯ ಮೇಲೆ ಕೂತಿತು. ತಾಯಿಯ ಕೈ ಅಷ್ಟು ಹೊತ್ತೂ ಅಲ್ಲಾಡದೆ, ಇಟ್ಟಲ್ಲೇ ಕಾಯುತ್ತಿತ್ತು.

“ಮಗಳದೂ ಒಂದು ಮಾತು ಬೇಕು. ವಯಸ್ಸಿಗೆ ಬಂದೋಳು, ಓದಿದೋಳು. ಏನಮ್ಮ, ಅಮ್ಮ ಹೇಳಿದ್ದು ಸರಿ ತಾನೆ?”

ವಾಕ್ಯ ಕೂಡಿಸಲು ಮಗಳಿಗೆ ಸಮಯ ಸಿಗಲಿಲ್ಲ.

“ನಾವು ಬಾಡಿಗೆಯವರು.”

ಬಳಸದೆ ಇಟ್ಟ ದನಿ ಬೇಕಾದದ್ದಕ್ಕಿಂತ ಗಟ್ಟಿಯಾಗಿ ಹೊರಬಿತ್ತು. ಹಜಾರದ ಎತ್ತರದ ಛಾವಣಿ ಅದನ್ನು ಇನ್ನೊಮ್ಮೆ ಹೇಳಿದಂತಾಯಿತು. “ಪ್ರತಿ ತಿಂಗಳು ಅಮ್ಮ ಬಾಡಿಗೆ ಕೊಡ್ತಾಳೆ. ಹಿಂಬಾಗಿಲಲ್ಲಿ, ಇವರ ಕೈಗೇ,” ಎಂದು ಸೇರಿಸಿದಳು.

ಮನೆಯೊಡತಿಯ ಮಗ ತಟ್ಟೆಯನ್ನು ಮೇಜಿನ ಮೇಲೆ ಇಟ್ಟ. ಅಧಿಕಾರಿ ತಾಯಿಯ ಕಡೆ ನೋಡಿದಳು. “ಏನಮ್ಮಾ ಇದು? ನೀವೊಂದು ಹೇಳ್ತೀರಿ, ಮಗಳೊಂದು ಹೇಳ್ತಾಳೆ. ಯಾವುದನ್ನ ಬರೀಲಿ?”

ತಾಯಿ ಮನೆಯೊಡತಿಯ ಕೈಯಡಿಯಿಂದ ತನ್ನ ಕೈಯನ್ನು ತಾನೇ ಬಿಡಿಸಿಕೊಂಡಳು.

“ಅವಳಿಗೆ ಸುಳ್ಳು ಹೇಳೋಕೆ ಬರಲ್ಲ ಮೇಡಂ,” ಎಂದಳು. “ನಾನೇ ಕಲಿಸ್ಲಿಲ್ಲ.”

ಸಂಜೆಯವರೆಗೂ ತಾಯಿ ಯಂತ್ರ ನಿಲ್ಲಿಸಲಿಲ್ಲ. ಮಗಳು ಎರಡು ಸಲ ನೀರು ತಂದಿಟ್ಟಳು. ಎರಡು ಸಲವೂ ಅದು ಹಾಗೇ ಉಳಿಯಿತು. ಕೊನೆಗೆ ದಾರ ಮುಗಿದು ಯಂತ್ರ ನಿಲ್ಲಿಸಲೇಬೇಕಾಯಿತು.

“ಮನೆ ಸಿಕ್ತಲ್ಲ ನಿಂಗೆ,” ಎಂದಳು ತಾಯಿ.

“ನಮಗೆ ಅಮ್ಮ.”

“ಚಿಕ್ಕೋನಿದ್ದಾಗ ಅವನ ಪ್ಯಾಂಟಿನ ಮಂಡಿ ಹರಿದಾಗಲೆಲ್ಲ ಹೊಲಿದು ಕೊಟ್ಟೋಳು ನಾನು. ಅವರಮ್ಮಂಗೆ ಗೊತ್ತಾಗದ ಹಾಗೆ. ಇನ್ನು ಮೆಟ್ಟಿಲಲ್ಲಿ ಎದುರಿಗೆ ಸಿಕ್ಕಿದ್ರೆ ಯಾವ ಮುಖ ಇಟ್ಕೊಂಡು ಮಾತಾಡ್ಸಲಿ?”

“ಸುಮ್ನಿದ್ರೆ ನಮ್ಮನ್ನ ಊರಾಚೆಗೆ ಹಾಕ್ತಿದ್ರು.”

“ಹಾಕ್ಲಿ! ಚಿಕ್ಕಮ್ಮ ಅಂತ ಕರೀತಾ ಅಲ್ಲಿಗೂ ಬರ್ತಿದ್ದ.”

“ಬರ್ತಿದ್ನಾ ಅಮ್ಮ?”

ತಾಯಿ ಹೊಸ ದಾರದುಂಡೆ ಹುಡುಕುವ ನೆಪದಲ್ಲಿ ಡ್ರಾಯರು ಎಳೆದು, ಅದರಲ್ಲೇ ಕೈಯಾಡಿಸುತ್ತ ನಿಂತಳು.

“ಅವರು ಕೈ ತೆಗೆದ್ರು,” ಎಂದಳು ಮಗಳು. ಹೇಳಬಾರದೆಂದುಕೊಂಡಿದ್ದಳು. “ಮೇಡಂ ಬರೀತಿದ್ದಾಗ. ನಿನ್ನ ಕೈ ಮೇಲಿಂದ.”

“ಗೊತ್ತು.”

“ಗೊತ್ತಿತ್ತಾ?”

“ನನ್ನ ಕೈ ಅಲ್ವೇನೇ ಅದು?” ತಾಯಿ ಡ್ರಾಯರು ಮುಚ್ಚಿದಳು. “ತೆಗೆದು ಮತ್ತೆ ಇಟ್ರಲ್ಲ. ತೆಗೆದದ್ದು ಮಾತ್ರ ನೋಡಿದೆ ನೀನು.”

ಮರುದಿನ ಬೆಳಗ್ಗೆ ಹಿತ್ತಲಿನ ಕಬ್ಬಿಣದ ಬಾಗಿಲು ತೆರೆದಿತ್ತು. ಹಿಂದಿನ ಓಣಿಗೆ ಹೋಗುವ, ಎಂದೂ ಯಾರೂ ಬಳಸದ ಬಾಗಿಲು ಅದು. ಎದುರಿಗೆ ರಾಶಿ ಬಿದ್ದಿದ್ದ ಮುರಿದ ಕುರ್ಚಿ, ಬಣ್ಣದ ಡಬ್ಬಗಳನ್ನೆಲ್ಲ ಯಾರೋ ತೆಗೆಸಿ, ಗುಡಿಸಿ, ಕೀಲುಗಳಿಗೆ ಎಣ್ಣೆ ಬಿಟ್ಟಿದ್ದರು. ಅಡುಗೆಮನೆಯ ಪಕ್ಕದಿಂದ ಮುಂದಿನ ಗೇಟಿಗೆ ಹೋಗುತ್ತಿದ್ದ ದಾರಿಯ ಜಾಲರಿಗೆ ಬೀಗ ಬಿದ್ದಿತ್ತು. ಒಬ್ಬರೂ ಬಂದು ಏನೂ ಹೇಳಿರಲಿಲ್ಲ.

ತಾಯಿ ಅದನ್ನೂ ನೋಡಿದಳು, ಇದನ್ನೂ ನೋಡಿದಳು. ಒಳಗೆ ಬಂದು, ಮನೆಯೊಡತಿಯ ಮಲಗುವ ಕೋಣೆಗೆಂದು ಹೊಲಿದಿದ್ದ ಪರದೆಗಳನ್ನು ಇಸ್ತ್ರಿ ಮಾಡಿ, ಅಂಚಿಗೆ ಅಂಚು ಕೂಡಿಸಿ ಮಡಚಿದಳು. ತಲೆ ಬಾಚಿಕೊಂಡಳು. ಹೊರಗೆ ಹೋಗುವಾಗ ಹಾಕುವ ಚಪ್ಪಲಿ ಹಾಕಿಕೊಂಡಳು.

“ನಾನು ಕೊಟ್ಟು ಬರ್ತೀನಿ ಅಮ್ಮ.”

“ಬೇಡ. ಬಾಡಿಗೆಯವರು ಮುಂದಿನ ಬಾಗಿಲಿಗೆ ಹೋಗಿ ಕೊಡ್ಬೇಕು.”

ಪರದೆಗಳನ್ನು ಎದೆಗವಚಿಕೊಂಡು ಕಬ್ಬಿಣದ ಬಾಗಿಲು ದಾಟಿ ಓಣಿಗೆ ಇಳಿದಳು. ಓಣಿ ಮುಗಿಸಿ, ಎಡಕ್ಕೆ ಹೊರಳಿ, ಬೀದಿ ಪೂರ್ತಿ ಸುತ್ತಿ ಅವಳು ದೊಡ್ಡ ಮನೆಯ ಮುಂದೆ ಬರಬೇಕಿತ್ತು. ಮಗಳು ಜಾಲರಿಯ ಹತ್ತಿರ ನಿಂತು ಕಾದಳು. ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದಾಗುತ್ತಿತ್ತು. ತಾಯಿ ದಾರಿಯಲ್ಲಿ ಯಾರನ್ನಾದರೂ ಮಾತಾಡಿಸಲು ನಿಂತಳೋ, ಸುಮ್ಮನೆ ನಿಧಾನವಾಗಿ ನಡೆದಳೋ, ಬಹಳ ಹೊತ್ತಾಯಿತು.

ಆಮೇಲೆ ಮನೆಯೊಳಗೆ ದೂರದಲ್ಲಿ ಮುಂಬಾಗಿಲಿನ ಕರೆಗಂಟೆ ಮೊಳಗಿತು. ಪಾತ್ರೆಗಳ ಸದ್ದು ನಿಂತಿತು.

“ಯಾರು?” ಎಂದಿತು ಮನೆಯೊಡತಿಯ ದನಿ.

ಜಾಲರಿಯನ್ನು ಎರಡೂ ಕೈಯಲ್ಲಿ ಹಿಡಿದು ಮಗಳು ಕಿವಿಗೊಟ್ಟಳು. ಹೊರಗಿನಿಂದ ಯಾವ ಉತ್ತರವೂ ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಗಂಟೆ ಮತ್ತೊಮ್ಮೆ, ಮೊದಲಿಗಿಂತ ಮೆಲ್ಲಗೆ ಒತ್ತಿದಂತೆ, ಕೇಳಿಸಿತು.