ನಾನು ಕೈಗಾಳ, ಅದು ಬರೀ ಕೋಲು

ನಾನು ಒಂದು ಕೈಗಾಳ. ಮೊದಲೇ ಹೇಳಿಬಿಡುತ್ತೇನೆ, ನನಗೆ ಹೊಟ್ಟೆಕಿಚ್ಚು ಜಾಸ್ತಿ. ಅದು ಹುಟ್ಟುಗುಣ, ಹೋಗುವಂಥದ್ದಲ್ಲ. ಹಾಲವಾಣ ಮರದ ಗೇಣುದ್ದದ ತುಂಡು ನನ್ನ ಮೈ. ಅದರ ಎರಡು ತುದಿಗೂ ಕಚ್ಚು, ಕಚ್ಚಿನಿಂದ ಕಚ್ಚಿಗೆ ಸುತ್ತಿದ ತಂಗೂಸಿ ದಾರ, ದಾರದ ಕೊನೆಗೆ ಒಂದು ಸೀಸದ ಗುಂಡು, ಒಂದು ಗಾಳ. ಇಷ್ಟೇ ನಾನು. ನೋಡಲು ಏನೂ ಇಲ್ಲ ಎಂದು ಮೂಗು ಮುರಿಯುವವರು ಧಾರಾಳವಾಗಿ ಮುರಿಯಲಿ.

ನನ್ನನ್ನು ಮಾಡಿದವರು ಕುಂದಾಪುರದ ಕೋಡಿಯ ಬಚ್ಚ ಮರಕಾಲರು. ಬಲೆಗೆ ಕಟ್ಟುವ ತೇಲುಗಳಿಗೆಂದು ತಂದ ಮರದಲ್ಲಿ ಒಂದು ತುಂಡು ಉಳಿಯಿತು. ಅದನ್ನು ಚೂರಿಯಲ್ಲಿ ಕೆತ್ತಿ, ಒಡೆದ ಗಾಜಿನಿಂದ ಹೆರೆದು ನುಣುಪು ಮಾಡಿದರು. ಅಂದರೆ ಬಲೆಗೆ ಬೇಡವಾಗಿ ಮಿಕ್ಕದ್ದು ನಾನು. ಹುಟ್ಟಿದ ದಿನವೇ ಹೊಟ್ಟೆಯೊಳಗೆ ಬೆಂಕಿ ಬಿತ್ತು. ಬಲೆಗೆ ಅಂಗಳದಲ್ಲಿ ಜಾಗ, ಬಿಸಿಲಿಗೆ ಹರಡುವ ಮರ್ಯಾದೆ, ಹರಿದರೆ ನಾಲ್ಕು ಜನ ಸುತ್ತ ಕೂತು ಹೊಲಿಯುವ ಉಪಚಾರ. ನನಗೆ ಅಡುಗೆಮನೆಯ ಮಾಡಿನ ಹೆಂಚಿನ ಸಂದಿ.

ಆದರೆ ಮರಕಾಲರು ಮಗ ದಾಮುವಿಗೆ ಮೀನಿನ ವಿದ್ಯೆ ಕಲಿಸಿದ್ದು ಬಲೆಯಿಂದಲ್ಲ, ನನ್ನಿಂದ. ಅದೂ ನೀರಿಲ್ಲದೆ. ಕಡಲದಂಡೆಯ ಹೊಯ್ಗೆಯ ಮೇಲೆ ದಾರದ ಆ ತುದಿಯಲ್ಲಿ ಅಪ್ಪ, ಈ ತುದಿಯಲ್ಲಿ ಮಗ. ಮಗ ಕಣ್ಣು ಮುಚ್ಚಿ, ದಾರವನ್ನು ತೋರುಬೆರಳ ಮೇಲೆ ಹಾಯಿಸಿಕೊಂಡು ಕೂರಬೇಕು. ಅಪ್ಪ ಆ ತುದಿಯಲ್ಲಿ ಮೀನಾಗುತ್ತಿದ್ದರು. ಸಣ್ಣಗೆ ಚಿವುಟಿದಂತೆ ಎಳೆದರೆ ಏಡಿ. ಎರಡು ಸಲ ಕುಟ್ಟಿ ಓಡಿದರೆ ಕೆಂಬೇರಿ. ಕಲ್ಲಿಗೆ ಸಿಕ್ಕಿಕೊಂಡಂತೆ ಸುಮ್ಮನೆ ಭಾರ ಬಿಟ್ಟರೆ ತೊರಕೆ.

"ಎಂತ ಮೀನ್, ಹೇಳ್ ಕಾಂಬ."

"ಏಡಿ, ಅಪ್ಪಯ್ಯ."

"ಏಡಿ ಮೀನಲ್ಲ ಮಗಾ. ಆದ್ರೂ ಸರಿ ಹೇಳ್ದೆ."

ಮರಕಾಲರು ತೀರಿಕೊಂಡ ಮೇಲೆ ಬಲೆ ದಾಯಾದಿಗಳ ಪಾಲಿಗೆ ಹೋಯಿತು, ನಾನು ದಾಮುವಿಗೆ ಉಳಿದೆ. ಮನೆಯವರೆಲ್ಲ ಅಳುತ್ತಿದ್ದಾಗ ನಾನೂ ಅತ್ತೆ. ಬಲೆ ಗಾಡಿ ಹತ್ತಿದ್ದನ್ನು ನೋಡಿ ಒಳಗೊಳಗೇ ನಕ್ಕದ್ದೂ ಹೌದು. ಆಮೇಲೆ ದಾಮು ಸರಕು ಹಡಗಿನ ಕೆಲಸಕ್ಕೆ ಸೇರಿದ. ನಾನು ಅವನ ಟ್ರಂಕಿನಲ್ಲಿ ಲುಂಗಿ ಮತ್ತು ಉಪ್ಪಿನಕಾಯಿ ಭರಣಿಯ ನಡುವೆ ಮಲಗಿ ಹೊರಟೆ. ಇನ್ನು ಮುಂದೆ ಇವನಿಗೆ ನಾನೊಬ್ಬನೇ ಅಂದುಕೊಂಡೆ.

ಅಂದುಕೊಂಡದ್ದಷ್ಟೇ ಬಂತು. ಆ ಹಡಗಿನಲ್ಲಿ ಇನಾಸ್ ಇದ್ದ.

ಇನಾಸ್ ಹಡಗಿನ ಅಡುಗೆಯವನು. ಅವನ ಊರು ಗಂಗೊಳ್ಳಿ, ಕೋಡಿಯಿಂದ ಅಳಿವೆ ದಾಟಿದರೆ ಎದುರು ದಂಡೆ. ಅಷ್ಟು ಹತ್ತಿರ ಹುಟ್ಟಿದವರು ಒಬ್ಬರ ಮುಖ ಒಬ್ಬರು ನೋಡಿದ್ದು ಮಾತ್ರ ಏಳು ಸಮುದ್ರ ದಾಟಿದ ಮೇಲೆ. ನೋಡಿದ್ದೇ ತಡ, ಅಣ್ಣತಮ್ಮಂದಿರಂತೆ ಅಂಟಿಕೊಂಡರು. ಹಡಗು ಲಂಗರು ಹಾಕಿ ಬಂದರಿನ ಸರದಿ ಕಾಯುವಾಗ ಇಬ್ಬರೂ ಹಿಂಬದಿಯ ಕಂಬಿಗೆ ಒರಗಿ ನನ್ನನ್ನು ನೀರಿಗೆ ಬಿಡುತ್ತಿದ್ದರು. ದಾರ ಒಂದು, ಕೈ ನಾಲ್ಕು. ದಾಮು ಅವನಿಗೆ ಏಡಿ, ಕೆಂಬೇರಿ, ತೊರಕೆಯ ಆಟವನ್ನೂ ಕಲಿಸಿಬಿಟ್ಟ. ಅಪ್ಪ ಮಗನಿಗೆ ಕೊಟ್ಟದ್ದನ್ನು ಬೆಳ್ಳುಳ್ಳಿ ವಾಸನೆಯ ಬೆರಳಿನವನಿಗೆ ಹಂಚುವ ಅಗತ್ಯ ಏನಿತ್ತು ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಅವನದೊಂದು ಕೆಟ್ಟ ಅಭ್ಯಾಸ ಬೇರೆ. ಮೀನು ಕಚ್ಚಿದ ಕೂಡಲೇ ದಾರ ಬಿಟ್ಟು, ಹಣೆ, ಎದೆ, ಎರಡೂ ಭುಜ ಮುಟ್ಟಿ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದ. ಅವನ ಪ್ರಾರ್ಥನೆ ಮುಗಿಯುವ ತನಕ ಮೀನಿನ ಅಷ್ಟೂ ಎಳೆತ ದಾಮುವಿನ ಬೆರಳ ಮೇಲೆ.

"ದೇವ್ರ ಹೆಸ್ರ್ ಮೀನ್ ಮೇಲ್ ಬಂದ್ಮೇಲೆ ಹೇಳುಕ್ ಆತಿಲ್ಯಾ ನಿಂಗೆ?" ಎಂದು ದಾಮು ಬೈಯುತ್ತಿದ್ದ.

"ನೀ ಹಿಡ್ಕಂಡಿದ್ಯಲೆ ಮಾರಾಯಾ," ಎನ್ನುತ್ತಿದ್ದ ಇನಾಸ್.

ಒಂದು ಸಲ ಹೀಗೇ ಆಗಿ ದಾಮುವಿನ ತೋರುಬೆರಳು ಆಳವಾಗಿ ಸೀಳಿತು. ಸೀಳಿದ್ದು ನನ್ನ ದಾರ. ಅಡುಗೆಮನೆಯಿಂದ ಅರಿಶಿನ ತಂದು ಒತ್ತಿ ಕಟ್ಟಿದವನು ಇನಾಸ್. ಗಾಯ ಮಾಗಿ ಅಲ್ಲೊಂದು ಗೆರೆ ಉಳಿಯಿತು. ಮುಂದೆ ನಾನು ಆ ಗೆರೆಯಲ್ಲೇ ಹಾಯುತ್ತಿದ್ದೆ. ಅದು ನನಗೆಂದೇ ಮಾಡಿದ ದಾರಿ, ಇನಾಸನಿಗೆ ಅದರಲ್ಲಿ ಪಾಲಿಲ್ಲ ಎಂದು ಸಮಾಧಾನ ಮಾಡಿಕೊಂಡೆ.

ವರ್ಷಗಳು ಹೀಗೆ ಹೋದವು. ಒಮ್ಮೆ ಹಡಗು ಮೆಕ್ಸಿಕೋ ದೇಶದ ಪಡುವಣ ಕರಾವಳಿಯ ಒಂದು ಬಂದರಿಗೆ ಹೋಗಿ ನಿಂತಿತು. ಇನಾಸನ ಕರಾರು ಅಲ್ಲಿಗೆ ಮುಗಿದಿತ್ತು. ಅವನು ಅಲ್ಲಿಂದಲೇ ವಿಮಾನ ಹತ್ತಿ ಊರಿಗೆ ಹೋಗುವವನು, ದಾಮು ಹಡಗಿನಲ್ಲೇ ಉಳಿಯುವವನು. ನನಗೆ ಹಬ್ಬ. ದಾಮು ಮಾತ್ರ ಊಟದ ತಟ್ಟೆ ಹಾಗೇ ಬಿಟ್ಟು ಎದ್ದ.

"ಊರಿಗ್ ಹೋದ್ಮೇಲೆ ಇವ ನನ್ನ ನೆನ್ಪ್ ಇಟ್ಕಂತ್ನಾ?" ಎಂದು ದಾರ ಸುತ್ತುತ್ತ ಒಬ್ಬನೇ ಗೊಣಗಿಕೊಂಡ. ಆ ಒಂದು ಹೆದರಿಕೆ ಅವನನ್ನು ತಿನ್ನುತ್ತಿತ್ತು.

ಅದೇ ಹೊತ್ತಿಗೆ ಇನಾಸ್ ಪೇಟೆಗೆ ಹೋಗಿ ಕೋಲು ತಂದ.

ಮೀನು ಹಿಡಿಯುವ ಕೋಲು. ಕಪ್ಪಗೆ ಮಿರಿಮಿರಿ ಮಿಂಚುವ ಮೈ, ಮೆತ್ತನೆಯ ಹಿಡಿ, ಬುಡದಲ್ಲಿ ತಿರುಗಿಸಿದರೆ ಕಿರ್ರೆನ್ನುವ ಹಿತ್ತಾಳೆ ಬಣ್ಣದ ರಾಟೆ. ಅದಕ್ಕೊಂದು ಜಿಪ್ಪಿನ ಚೀಲ ಬೇರೆ. ನನಗೆ ಹುಟ್ಟಿದಾಗಿನಿಂದ ಒಂದು ಬಟ್ಟೆಚೂರು ಸುತ್ತಿದವರಿಲ್ಲ. ಮೈಯೆಲ್ಲ ಪರಚಿಕೊಳ್ಳುವಂತಾಯಿತು, ಆದರೆ ನನಗಿರುವುದು ಒಂದೇ ಉಗುರು, ಅದೂ ದಾರದ ಕೊನೆಗೆ. ದಾಮುವಿನ ಮುಖವೂ ಊದಿತು. ಅದು ಒಬ್ಬನೇ ಹಿಡಿಯುವ ಕೋಲು. ಊರು ಮುಟ್ಟುವ ಮೊದಲೇ ಇವನು ನನ್ನನ್ನು ಬಿಟ್ಟು ಹಿಡಿಯುವುದನ್ನು ಕಲಿಯುತ್ತಿದ್ದಾನೆ ಎಂದುಕೊಂಡು, ದಾಮು ಅವನ ಹತ್ತಿರ ಸರಿಯಾಗಿ ಮಾತಾಡುವುದನ್ನೇ ಬಿಟ್ಟ.

ಹೊರಡುವ ಮುನ್ನಾದಿನ ರಜೆ ಇತ್ತು. ಇನಾಸನೇ ಹೋಗಿ ಒಂದು ದೋಣಿ ಗೊತ್ತು ಮಾಡಿ ಬಂದ. ಉದ್ದ ಮೂತಿಯ ಸಣ್ಣ ಫೈಬರ್ ದೋಣಿ, ಹಿಂದೆ ಯಂತ್ರ. ದೋಣಿಯವನು ಹುಲ್ಲಿನ ಟೊಪ್ಪಿಯ, ನೆರೆತ ಮೀಸೆಯ ಇಗ್ನಾಸಿಯೊ. ದಾಮು ಒಂದು ಕಾಲು ದೋಣಿಯಲ್ಲಿ ಇಟ್ಟದ್ದೇ ಅವನು ನಗುಮುಖದಿಂದ ಕೇಳಿದ, "ಆದೋಂದೆ?"

ಎಲ್ಲಿಗೆ ಎಂದು. ಆ ಊರಿನ ಟ್ಯಾಕ್ಸಿಯವರೆಲ್ಲ ಕೇಳುವ ಮಾತು, ದಾಮುವಿಗೂ ಗೊತ್ತಿತ್ತು. ಮೀನಿಗೆ ಹೊರಟವನನ್ನು ಎಲ್ಲಿಗೆ ಎಂದು ಕೇಳುವುದುಂಟೇ? ಕೋಡಿಯಲ್ಲಾದರೆ ಕೇಳಿದವನಿಗೆ ಮುಖಕ್ಕೆ ಮಂಗಳಾರತಿ ಆಗುತ್ತಿತ್ತು. ದಾಮು ಇಟ್ಟ ಕಾಲು ತೆಗೆದು, ವಾಪಸು ಹೋಗಿ, ದೋಣಿಗೆ ಬೆನ್ನು ಹಾಕಿ ಹೊಯ್ಗೆಯ ಮೇಲೆ ಕೂತುಬಿಟ್ಟ. ಇಗ್ನಾಸಿಯೊ ಕಕ್ಕಾಬಿಕ್ಕಿ. ಇನಾಸ್ ಹೊಟ್ಟೆ ಹಿಡಿದುಕೊಂಡು ಮುಖ ಕಿವುಚಿ, ಅವನಿಗೆ ಹೊಟ್ಟೆನೋವು ಎಂದು ನಟಿಸಿ ತೋರಿಸಿದ. ಪಾಪ, ಆ ಮನುಷ್ಯ ನಿಂಬೆಹಣ್ಣು ಕತ್ತರಿಸಿ, ಉಪ್ಪು ಸವರಿ, ಓಡಿ ಬಂದು ದಾಮುವಿನ ಕೈಗಿಟ್ಟ.

ದಾಮು ನಿಂಬೆಹೋಳು ಚೀಪಿದ, ನೀರು ಕುಡಿದ, ಸ್ವಲ್ಪ ಹೊತ್ತು ಕೂತ. ಮತ್ತೆ ಹೊಸದಾಗಿ ಮನೆಯಿಂದ ಹೊರಟವನಂತೆ ಎದ್ದು ಬಂದು ದೋಣಿ ಹತ್ತಿದ. ಈ ಸಲ ಇಗ್ನಾಸಿಯೊ ಬಾಯಿ ತೆರೆಯದಂತೆ ಇನಾಸ್ ತುಟಿಯ ಮೇಲೆ ಬೆರಳಿಟ್ಟು ನಿಂತಿದ್ದ.

ದೋಣಿ ಹೊರಟ ಮೇಲೆ ಇನ್ನೊಂದು ಅನಾಹುತ ಆಯಿತು. ದೋಣಿಯವನದೂ ಅಡುಗೆಯವನದೂ ಒಂದೇ ಸಂತರ ಹೆಸರು ಎಂದು ಇಬ್ಬರಿಗೂ ಗೊತ್ತಾಯಿತು. ಇನಾಸ್ ಕೊರಳಿನ ಪದಕ ಎತ್ತಿ ತೋರಿಸಿದ, ಅವನೂ ತನ್ನದನ್ನು ತೋರಿಸಿದ. ಆಮೇಲೆ ಕೇಳಬೇಕೇ! ಒಬ್ಬನ ಭಾಷೆ ಒಬ್ಬನಿಗೆ ಬಾರದಿದ್ದರೂ ಬೆನ್ನು ತಟ್ಟಿಕೊಂಡು ನಕ್ಕದ್ದೇ ನಕ್ಕದ್ದು. ದಾಮು ದೋಣಿಯ ಮೂತಿಯಲ್ಲಿ ಒಬ್ಬನೇ ಕೂತು ನನ್ನನ್ನು ಬಿಚ್ಚಿದ. ಅವನ ಬೆರಳು ಬಿಗಿದುಕೊಂಡಿತ್ತು. ಆ ಬಿಗಿ ಯಾವುದರದ್ದು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನನ್ನ ಧಣಿಗೂ ನನ್ನದೇ ರೋಗ ಹಿಡಿದಿತ್ತು. ನನ್ನ ಬಾಳಿನಲ್ಲಿ ಅಷ್ಟು ಹಿತವಾದ ಬೆಳಿಗ್ಗೆ ಇನ್ನೊಂದಿಲ್ಲ.

"ಇಲ್ ಬಂದ್ ಕೂಕೊ ಮಾರಾಯಾ, ನನ್ ಹತ್ರ," ಎಂದು ಇನಾಸ್ ಕರೆದ.

"ನಂಗ್ ಇಲ್ಲೇ ಅಡ್ಡಿಲ್ಲೆ. ನಿಂಗೆ ಹೊಸ ಕೋಲ್ ಇತ್ತ್, ಹೊಸ ದೋಸ್ತಿಯೂ ಆಯ್ತ್. ನಾ ಎಂತಕ್ಕೆ?"

ಇನಾಸ್ ಕೋಲನ್ನು ಚೀಲದಿಂದ ತೆಗೆದು ಅದರ ದಾರವನ್ನು ನೀರಿಗೆ ಬಿಟ್ಟ. ದಂಡೆಯ ಗುಡ್ಡಗಳು ಸಣ್ಣದಾದವು. ಕೊಕ್ಕಿನಡಿ ಚೀಲವಿರುವ ದೊಡ್ಡ ಹಕ್ಕಿಗಳು ನೀರಿಗೆ ಧುಮುಕುತ್ತಿದ್ದ ಕಡೆ ಇಗ್ನಾಸಿಯೊ ಯಂತ್ರದ ಸದ್ದು ಇಳಿಸಿದ. ಒಮ್ಮೆಲೇ ಕೋಲು ಬಿಲ್ಲಿನಂತೆ ಬಾಗಿತು. ಇನಾಸನ ಬಲಗೈ ತಾನಾಗಿ ಮೇಲೆದ್ದಿತು. ಹಣೆ ಮುಟ್ಟಿತು, ಎದೆ ಮುಟ್ಟಿತು. ಭುಜಕ್ಕೆ ಹೋಗುವಷ್ಟರಲ್ಲಿ ಎಡಗೈಯಲ್ಲಿದ್ದ ಕೋಲು ಕಿತ್ತುಕೊಂಡು ಕಡಲಿಗೆ ಹಾರಿತ್ತು. ಹಿಡಿದುಕೊಳ್ಳಲು ಪಕ್ಕದಲ್ಲಿ ದಾಮು ಇರಲಿಲ್ಲ.

ಆಚೆ ಒಂದು ದೊಡ್ಡ ಮೀನು ನೀರಿನಿಂದ ಮೇಲೆ ಚಿಮ್ಮಿತು. ಬಂಗಾರ ಮತ್ತು ಹಸಿರು ಕಲಸಿದಂಥ ಮೈ. ಇಗ್ನಾಸಿಯೊ "ದೊರಾದೊ!" ಎಂದು ಕೂಗಿದ. ಕೋಲು ಅದರ ಹಿಂದೆ, ಹಿಡಿಯನ್ನು ಮಾತ್ರ ಮೇಲೆ ಮಾಡಿಕೊಂಡು, ಎಳೆಸಿಕೊಂಡು ಹೋಗುತ್ತಿತ್ತು. ಹೋಗು, ಮುಳುಗು, ನಿನ್ನ ಚೀಲವನ್ನೂ ಕರೆದುಕೊಂಡು ಹೋಗು ಎಂದು ನಾನು ಮನಸಾರೆ ಹಾರೈಸಿದೆ. ಇನಾಸ್ ಕೂಗಾಡಲಿಲ್ಲ. "ಹೋಯ್ತಲೆ," ಎಂದ, ಅಷ್ಟೇ. ಅವನ ಕಣ್ಣಲ್ಲಿ ನೀರು ತುಂಬಿತ್ತು.

ದಾಮು ಆ ಕಣ್ಣು ನೋಡಿದ. ಬೆರಳಿನ ಬಿಗಿ ಸಡಿಲವಾಯಿತು. ಬೇಡ ಕಣೋ ಎಂದು ನಾನು ಎಷ್ಟು ಬೇಡಿಕೊಂಡರೂ ಕೇಳದೆ, ದೋಣಿಯನ್ನು ಹತ್ತಿರಕ್ಕೆ ಬಿಡಿಸಿ ನನ್ನನ್ನು ಬೀಸಿ ಎಸೆದ. ಮೊದಲ ಬೀಸು ತಪ್ಪಿತು. ನಾನೇ ತಪ್ಪಿಸಿದೆ ಎಂದು ನನ್ನ ನಂಬಿಕೆ. ಮತ್ತೆ ಬೀಸಿದಾಗ ನನ್ನ ಸೀಸದ ಗುಂಡು ಕೋಲಿನ ದಾರದ ಆಚೆ ಬಿತ್ತು, ಗಾಳ ಅದನ್ನು ಕಚ್ಚಿಕೊಂಡಿತು. ಒಮ್ಮೆ ಕಚ್ಚಿದ ಮೇಲೆ ಬಿಡುವುದು ನನ್ನ ಜಾಯಮಾನವಲ್ಲ, ಅದು ಶತ್ರುವಾದರೂ ಸರಿ. ದಾಮುವಿನ ಬೆರಳಿನ ಹಳೆಯ ಗೆರೆ ಬಾಯಿ ಬಿಟ್ಟು ನೆತ್ತರು ಬಂತು. ಇನಾಸ್ ದೋಣಿ ಅಲುಗಾಡುವಂತೆ ಓಡಿ ಬಂದು ಹಿಂದಿನಿಂದ ನನ್ನನ್ನು ಹಿಡಿದ. ಮತ್ತೆ ದಾರ ಒಂದು, ಕೈ ನಾಲ್ಕು. ಕೋಲು ಬಂತು. ಕೋಲಿನ ಬೆನ್ನಿಗೆ ಮೀನೂ ಬಂತು.

ಮೀನು ದೋಣಿಯೊಳಗೆ ಬಿದ್ದು ಬಾಲ ಬಡಿಯುತ್ತಿರುವಾಗ ಇನಾಸ್ ತನ್ನ ಅಂಗಿಯಲ್ಲಿ ಕೋಲನ್ನು ಒರೆಸಿ ದಾಮುವಿನ ಮಡಿಲಲ್ಲಿ ಇಟ್ಟ.

"ತಕ. ಇದ್ ನಿಂಗೇ ಅಂದೇಳಿ ತಂದದ್. ನಾ ಹೋದ್ಮೇಲೆ ನೀ ಒಬ್ನೇ ಆ ದಾರ ಹಿಡ್ದ್ರೆ ಬೆರಳ್ ಉಳುದಿಲ್ಲ. ಹೊರಡುವತಿಗೆ ಕೊಡುವ ಅಂದ್ಕಂಡಿದ್ದೆ. ಹ್ಯಾಂಗ್ ಹಿಡಿತ್ತ್ ಕಾಂಬ ಅಂದೇಳಿ ಒಂದ್ಸಲ ನೀರಿಗ್ ಹಾಕ್ದೆ. ನನ್ ಬುದ್ಧಿ!"

ದಾಮು ತಲೆ ತಗ್ಗಿಸಿ ಕೂತ. ನನ್ನ ದಾರವನ್ನು ಮೆಲ್ಲಗೆ, ಒಂದು ಸುತ್ತೂ ಸಡಿಲಾಗದಂತೆ ಸುತ್ತಿದ. ಆಮೇಲೆ ನನ್ನನ್ನು ಇನಾಸನ ಕೈಗೆ ಕೊಟ್ಟುಬಿಟ್ಟ.

"ಹಂಗಾರೆ ಇದ್ ನೀ ತಕಂಡ್ ಹೋಗ್. ಅಪ್ಪಯ್ಯ ಮಾಡದ್. ನಿನ್ ಮನ್ಯಗ್ ಇರ್ಲಿ. ಇದ್ನ ಕಾಂಬುಕಾರೂ ನಾ ಬತ್ತೆ."

ನನ್ನನ್ನು ಒಂದು ಮಾತು ಕೇಳಿದರೇ? ಇಲ್ಲ. ಮರಕಾಲರ ಕೈಯಲ್ಲಿ ಹುಟ್ಟಿದ ನಾನು ಗಂಗೊಳ್ಳಿಯ ಅಡುಗೆಮನೆಯಲ್ಲಿ, ಬೆಳ್ಳುಳ್ಳಿ ಗೊಂಚಲಿನ ಪಕ್ಕದ ಮೊಳೆಗೆ ಬಿದ್ದೆ. ಆ ಕೋಲು ನನ್ನ ಜಾಗದಲ್ಲಿ, ದಾಮುವಿನ ಮಗ್ಗುಲಲ್ಲಿ, ದೇಶ ಸುತ್ತಿತು. ಆ ವರ್ಷಗಳ ಉರಿಯನ್ನು ಹೇಳಹೊರಟರೆ ನನ್ನ ಮರ ಈಗಲೂ ಸುಟ್ಟೀತು.

ಆದರೆ ದಾಮು ಮಾತು ತಪ್ಪಲಿಲ್ಲ. ರಜೆಗೆ ಬಂದಾಗಲೆಲ್ಲ ಅಳಿವೆ ದಾಟಿ ಬರುತ್ತಿದ್ದ. ಹೊಸಿಲು ದಾಟಿದ ಕೂಡಲೇ, ಇನಾಸನ ಆರೋಗ್ಯ ಕೇಳುವ ಮೊದಲು, "ದಾರ ಎಲ್ಲಿತ್ತಾ?" ಎನ್ನುತ್ತಿದ್ದ. ಮೊಳೆಯಿಂದ ಇಳಿಸಿ, ಬಿಚ್ಚಿ, ಸಿಹಿನೀರಿನಲ್ಲಿ ಒರೆಸಿ ಸುತ್ತುತ್ತಿದ್ದ. ಅಷ್ಟು ಸಿಕ್ಕರೆ ನನಗೆ ಮುಂದಿನ ರಜೆಯ ತನಕ ಸಾಕಾಗುತ್ತಿತ್ತು.

ಈಗ ಇಬ್ಬರೂ ಹಡಗು ಬಿಟ್ಟು ಮುದುಕರಾಗಿದ್ದಾರೆ. ನನ್ನ ಮೈಯಲ್ಲಿ ಬಿರುಕು. ಕೋಲಿನ ರಾಟೆಗೆ ತುಕ್ಕು ಹಿಡಿದು ತಿರುಗುವುದನ್ನು ಬಿಟ್ಟಿದೆ. ಅದನ್ನು ದಾಮು ಇಲ್ಲಿಗೇ ತಂದು ಮೂಲೆಗೆ ಒರಗಿಸಿದಾಗ ನಾನು ಮಾತಾಡಿಸಲಿಲ್ಲ.

ಹೋದ ವರ್ಷ ಇನಾಸನಿಗೆ ಲಕ್ವ ಹೊಡೆಯಿತು. ಬಲಗೈ ಬಿತ್ತು, ಮಾತು ನಿಂತಿತು. ದಾಮು ದಿನಾ ಬಂದು ಮಂಚದ ಬದಿಯಲ್ಲಿ ಕೂತು ಊರಿನ ಸುದ್ದಿ, ಹಡಗಿನ ಸುದ್ದಿ ಹೇಳುತ್ತಿದ್ದ. ಇನಾಸ್ ಗೋಡೆ ನೋಡುತ್ತಿದ್ದ. ತನ್ನ ಗುರುತಾದರೂ ಇದೆಯೋ ಇಲ್ಲವೋ ಎಂದು ದಾಮುವಿಗೆ ತಿಳಿಯುತ್ತಿರಲಿಲ್ಲ. ಮೆಕ್ಸಿಕೋದ ಬಂದರಿನಲ್ಲಿ ಅವನನ್ನು ತಿಂದ ಹೆದರಿಕೆ ಈಗ ಬಂದು ಎದುರು ಕೂತಿತ್ತು.

ಒಂದು ಮಧ್ಯಾಹ್ನ ದಾಮು ಎದ್ದು ನನ್ನನ್ನು ಮೊಳೆಯಿಂದ ಇಳಿಸಿದ. ಗಾಳ ಕತ್ತರಿಸಿ ತೆಗೆದ. ದಾರವನ್ನು ಇನಾಸನ ಎಡಗೈಯ ತೋರುಬೆರಳ ಮೇಲೆ ಹಾಯಿಸಿ, ತಾನು ಬಾಗಿಲ ಬಳಿ ಹೋಗಿ ಕೂತ. ಸಣ್ಣಗೆ ಒಂದು ಸಲ ಚಿವುಟಿದಂತೆ ಎಳೆದ.

ಏನೂ ಆಗಲಿಲ್ಲ. ಮತ್ತೆ ಎಳೆದ.

ಆಮೇಲೆ ನನ್ನ ಮೈಯಲ್ಲಿ ಮೊದಲು ನನಗೇ ಗೊತ್ತಾಯಿತು. ಮಂಚದ ಕಡೆಯಿಂದ ಎರಡು ಸಲ ಕುಟ್ಟಿ, ಒಂದು ಎಳೆತ.

"ಕೆಂಬೇರಿ!" ಎಂದು ದಾಮು ಕೂಗಿದ. "ಕೆಂಬೇರಿ ಅಲ್ದನಾ?"

ಇನಾಸನ ಅರ್ಧ ಬಾಯಿ ನಕ್ಕಿತು. ದಾಮು ಕಣ್ಣೊರೆಸಿಕೊಂಡು, ಈ ಸಲ ಆ ದೊಡ್ಡ ದೊರಾದೊವಿನಂತೆ ಜೋರಾಗಿ ಎಳೆದ. ಇನಾಸ್ ದಾರ ಬಿಟ್ಟ. ಅವನ ಎಡಗೈ ಮೆಲ್ಲಗೆ ಮೇಲೆದ್ದು ಹಣೆ ಮುಟ್ಟಿತು. ಎದೆಗೆ ಇಳಿಯಲು ತುಂಬ ಹೊತ್ತು ಹಿಡಿಯಿತು. ಭುಜಗಳ ತನಕ ಹೋಗಲು ಇನ್ನೂ ಹೊತ್ತು ಬೇಕಿತ್ತು.

"ಆಯ್ಲಿ, ನಿಧಾನ್ಕೆ ಮಾಡ್ಕೊ ಮಾರಾಯಾ," ಎಂದ ದಾಮು. "ನಾ ಹಿಡ್ಕಂಡಿದ್ದೆ."

ಅಂದಿನಿಂದ ದಿನಾ ಮಧ್ಯಾಹ್ನ ಹೀಗೆ ಕೂರುತ್ತಾರೆ. ಆ ತುದಿಯಲ್ಲಿ ಒಬ್ಬ, ಈ ತುದಿಯಲ್ಲಿ ಒಬ್ಬ, ನಡುವೆ ನಾನು. ಮೂಲೆಯಿಂದ ಕೋಲು ನಮ್ಮನ್ನೇ ನೋಡುತ್ತಿರುತ್ತದೆ. ನೋಡಲಿ.