ಎಡಗಡೆಯ ಕಪ್ಪು

ಅಳಿಯ ಮಾಂತೇಶ ಮೂರನೇ ಸಲ ಉಡಚಪ್ಪನ ತಲೆಯನ್ನು ನೆಟ್ಟಗೆ ಮಾಡಿ ಕೈಬಿಟ್ಟ. ಅದು ಮತ್ತೆ ಎಡಕ್ಕೇ ವಾಲಿತು. ವಿಭೂತಿ ಬಳಿದು, ಹಾರ ಹಾಕಿ, ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದ ಹೆಣ. ಬದುಕಿದ್ದಾಗ ಯಾರ ಮಾತು ಕೇಳಿದ್ದ, ಈಗ ಕೇಳಲು ಎಂದುಕೊಂಡಳು ಹೆಂಡತಿ ಮಂಗಳವ್ವ.

ಅವಳ ಸಿಟ್ಟು ಅವನ ಮೇಲಲ್ಲ. ಅವನಿಗೆ ಬೆನ್ನು ಹಾಕಿ, ಎದುರು ಗೋಡೆಯಲ್ಲಿದ್ದ ಅವನದೇ ಬಣ್ಣದ ಚಿತ್ರಪಟದ ಮುಂದೆ ನೆರೆದವರ ಮೇಲೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಗುಮಾಸ್ತನಾಗಿದ್ದುಕೊಂಡೇ ಉಡಚಪ್ಪ ನಾಲ್ಕು ಕತೆಪುಸ್ತಕ ಬರೆದಿದ್ದ. ಅವನ್ನು ಓದಿದವರು ಇಷ್ಟು ಮಂದಿ ಇದ್ದಾರೆಂದು ಅವಳಿಗೆ ಇಂದೇ ಗೊತ್ತಾದದ್ದು.

ರಾಣೆಬೆನ್ನೂರಿನಿಂದ ಬಂದ ಮನೋಹರ ಪ್ರೊಫೆಸರು ಬೆರಳೆತ್ತಿ ವಿವರಿಸುತ್ತಿದ್ದರು. ಪಟದಲ್ಲಿ ಬೆನ್ನ ಹಿಂದಿನ ಕೆಂಪು ದುಡಿಯುವವರ ನೆತ್ತರಂತೆ, ಕಣ್ಣಂಚಿನ ನೀರು ಲೋಕದ ಸಂಕಟವಂತೆ. ಮಂಗಳವ್ವ ಹಲ್ಲು ಕಚ್ಚಿದಳು. ಆ ಕೆಂಪು, ಅಂಗಡಿಯ ಬೋರ್ಡು ಬರೆದು ಮಿಕ್ಕಿದ ಬಣ್ಣ. ಆ ನೀರು ಮೆಣಸಿನಕಾಯಿಯ ಘಾಟು.

"ಅವರ ಎಡಗಡೆ ಈ ಕಪ್ಪು ನೋಡ್ರಿ, ಇದು ಸಾವು. ಸಾಹಿತಿಗಳು ಅದರ ಕಡೇನ ನೋಡಾಕತ್ತಾರ" ಎಂದರು ಪ್ರೊಫೆಸರು. ಪಟವನ್ನು ಹಾವೇರಿಯ ಸಭಾಭವನಕ್ಕೆ ಒಯ್ದು, ಕೆಳಗೆ 'ಸಾವಿನೆದುರು ಸಾಹಿತಿ' ಎಂದು ಬರೆಸುವುದೆಂದು ನಿಂತಲ್ಲೇ ತೀರ್ಮಾನವಾಯಿತು. ಒಬ್ಬರೂ ಅವಳನ್ನು ಕೇಳಲಿಲ್ಲ.

*

ಹನ್ನೆರಡು ವರ್ಷದ ಹಿಂದೆ, ಬೋರ್ಡು ಬರೆಯುವ ದಾದಾಪೀರ ಇದೇ ಪಡಸಾಲೆಯಲ್ಲಿ ಗೆಳೆಯನನ್ನು ಕೂರಿಸಿ ಆ ಚಿತ್ರ ಬರೆದಿದ್ದ. ಉಡಚಪ್ಪ ಎರಡು ನಿಮಿಷ ಸುಮ್ಮನೆ ಕೂರುವ ಆಸಾಮಿಯಲ್ಲ. ಹೆಂಡತಿ ಪಕ್ಕದಲ್ಲಿದ್ದರೆ ಮಾತ್ರ ಅಲ್ಲಾಡುವುದಿಲ್ಲ ಎಂದ. ಅವಳು ಕೂಲಿಗೆ ತಂದ ಮೆಣಸಿನಕಾಯಿ ರಾಶಿಯೊಂದಿಗೆ ಕೂತು, ಬೈಯುತ್ತಲೇ ತೊಟ್ಟು ಮುರಿದಳು. ಅವನು ಅವಳನ್ನೇ ನೋಡುತ್ತ, ಕಣ್ಣಲ್ಲಿ ನೀರು ಸುರಿಸಿಕೊಂಡು ನಕ್ಕ.

ಸಂಜೆ ನೋಡಿದರೆ ಪಟದಲ್ಲಿ ಅವಳೂ ಇದ್ದಳು, ಮಾಸಿದ ಸೀರೆಯಲ್ಲಿ, ಕೆದರಿದ ಕೂದಲಲ್ಲಿ.

"ನಾಕು ಮಂದಿ ನೋಡೋ ಪಟದಾಗ ನಾ ಯಾಕ? ಮೊದಲ ಅಳಿಸ್ರಿ ದಾದಾಪೀರಣ್ಣ" ಎಂದು ಹಟ ಹಿಡಿದಳು. ಅವನು ಬೇರೆ ದಾರಿ ಕಾಣದೆ ಅವಳಿದ್ದ ಕಡೆ ಕಪ್ಪು ಬಳಿದ. ಉಡಚಪ್ಪ ಎರಡು ದಿನ ಮಾತು ಬಿಟ್ಟಿದ್ದ.

*

ಪ್ರೊಫೆಸರು ಸ್ಟೂಲು ಹತ್ತಿ ಪಟ ಇಳಿಸಿದರು. ಮೂಲೆಯಲ್ಲಿ ನಿಂತಿದ್ದ ದಾದಾಪೀರ ಮಂಗಳವ್ವನ ಮುಖ ನೋಡಿದ. ಅವಳಿಗೆ ಇನ್ನು ತಡೆಯಲಾಗಲಿಲ್ಲ.

"ಅದು ಸಾವಲ್ರಿ ಸರ. ಅದು ನಾನು."

ಪ್ರೊಫೆಸರು ಗಂಭೀರವಾಗಿ ತಲೆಯಾಡಿಸಿದರು. "ಖರೇ ಐತ್ರಿ ಅವ್ವಾರ. ನಿಮ್ಮ ದುಃಖಾನೂ ಅದರಾಗ ಕೂಡೇತಿ."

ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಮಂಗಳವ್ವ ಸೆರಗು ಕೊಡವಿಕೊಂಡು ಎದ್ದಳು. ಮಂದಿಯನ್ನು ಸರಿಸಿಕೊಂಡು ಹೋಗಿ ಗಂಡನ ಎಡಕ್ಕೆ, ದಿನಾ ಕೂರುತ್ತಿದ್ದ ಜಾಗದಲ್ಲೇ ಕೂತಳು. ಉಡಚಪ್ಪನ ತಲೆ ಅವಳ ಹೆಗಲ ಕಡೆಗೆ ವಾಲಿತ್ತು. ಮಾಂತೇಶ ನೆಟ್ಟಗೆ ಮಾಡಲು ನಾಲ್ಕನೇ ಸಲ ಬಂದ.

"ಇರಲಿ ಬಿಡಪಾ" ಎಂದಳು.

ಸ್ಟೂಲಿನ ಮೇಲಿಂದ ಪ್ರೊಫೆಸರು ಕೈಯಲ್ಲಿದ್ದ ಪಟವನ್ನು ನೋಡಿದರು. ಆಮೇಲೆ ಅವರಿಬ್ಬರನ್ನು ನೋಡಿದರು. ಗೋಡೆಯತ್ತ ತಿರುಗಿ, ಪಟ ತೂಗಿದ್ದ ಮೊಳೆಗಾಗಿ ತಡಕಾಡತೊಡಗಿದರು.