ಬೆಣೆ ಬಡಿಯುವ ದಿನ

ನೇವಿಯೋ ಇನ್ನಿಲ್ಲವೆಂದು ತಿಳಿದದ್ದು ಹಡಗನ್ನು ನೀರಿಗಿಳಿಸುವ ದಿನ ಬೆಳಿಗ್ಗೆ. ಯುದ್ಧದ ಕಾಲ. ಇಟಲಿಯ ಕರಾವಳಿಯ ನಮ್ಮೂರು ಮೊನ್ಫಲ್ಕೋನೆಯಲ್ಲಿ ಪ್ರತಿ ಮನೆಯಿಂದಲೂ ಒಬ್ಬರು ಹಡಗಿನ ಕಾರ್ಖಾನೆಗೆ, ಒಬ್ಬರು ಸಮುದ್ರಕ್ಕೆ ಹೋಗಿದ್ದರು. ನನ್ನ ಯಜಮಾನರು ಸೆವೆರಿನೋ ಕಾರ್ಖಾನೆಯ ಬಡಗಿಗಳಿಗೆ ಮೇಸ್ತ್ರಿ. ಒಬ್ಬನೇ ಮಗ ನೇವಿಯೋ ಜಲಾಂತರ್ಗಾಮಿಯಲ್ಲಿದ್ದ.

ದೋನ್ ಪ್ಲಾಚಿದೋ ಪಾದ್ರಿಗಳು ಟೋಪಿ ತೆಗೆದು ಬಾಗಿಲಲ್ಲಿ ನಿಂತಾಗಲೇ ನನ್ನ ಎದೆ ಒಡೆಯಿತು.

"ಅಲ್ಬೀನಾ, ಕೂತ್ಕೊಳಮ್ಮ."

ನಾನು ಕೂರಲಿಲ್ಲ. ಜಲಾಂತರ್ಗಾಮಿ ಮುಳುಗಿತೆಂದೂ ಒಬ್ಬರೂ ಉಳಿಯಲಿಲ್ಲವೆಂದೂ ನಿಂತೇ ಕೇಳಿಸಿಕೊಂಡೆ.

ಪಕ್ಕದ ಮನೆಯ ಒನೊರೀನಾ ಕಪ್ಪು ಶಾಲು ತಂದು ಹೊದಿಸಿದಳು. ಹೊದಿಸಿದವಳು ನನ್ನ ತೋಳು ಬಿಡಲಿಲ್ಲ.

"ಅಕ್ಕ, ಮೇಸ್ತ್ರಿ ಅಣ್ಣನಿಗೆ ಈಗ್ಲೇ ಹೇಳ್ಬೇಡಿ. ನಮ್ಮನೆಯವ್ರು ಹಡಗಿನ ಅಡೀಲಿದಾರೆ."

ಅವಳ ಭಯ ಸುಳ್ಳಾಗಿರಲಿಲ್ಲ. ಹಡಗು ಜಾರುವ ಮೊದಲು ಎರಡೂ ಪಕ್ಕದಲ್ಲಿ ಸಾಲಾಗಿ ನಿಂತವರು ಒಟ್ಟಿಗೆ ಬೆಣೆ ಬಡಿದು ಅದನ್ನು ಕೂದಲೆಳೆಯಷ್ಟು ಎತ್ತಬೇಕು. ಆಮೇಲೆ ಆಸರೆಯ ಮರಗಳನ್ನು ಕೆಡವಬೇಕು. ಯಾವಾಗ ಬಡಿಯಬೇಕೆಂದು ಕೂಗುವವರು ಸೆವೆರಿನೋ. ಆ ಕೂಗು ತಪ್ಪಿದರೆ ಒಂದು ಪಕ್ಕ ಮೊದಲು ಏಳುತ್ತದೆ, ಇನ್ನೊಂದು ಪಕ್ಕದವರ ಮೇಲೆ ಹಡಗು ವಾಲುತ್ತದೆ.

"ನೀನು ಅಲ್ಲಿಗೆ ಹೋಗ್ಲೇಬೇಡ," ಎಂದರು ಪಾದ್ರಿಗಳು.

"ಹೋಗ್ದೆ ಇದ್ರೆ ಅವ್ರಿಗೆ ಗೊತ್ತಾಗುತ್ತೆ ಸ್ವಾಮಿ."

ಹಡಗು ಇಳಿಯುವ ದಿನ ಬುತ್ತಿ ಒಯ್ಯುವವಳು ನಾನೇ. ಮದುವೆಯಾದಾಗಿನಿಂದ ಅದು ತಪ್ಪಿರಲಿಲ್ಲ. ಶಾಲು ತೆಗೆದಿಟ್ಟೆ. ಹೂವಿನ ರುಮಾಲು ತಲೆಗೆ ಕಟ್ಟಿಕೊಂಡು ಹೊರಟೆ. ಒನೊರೀನಾಳೂ ಜೊತೆಗೆ ಬಂದಳು.

ಸೆವೆರಿನೋ ಹಡಗಿನ ನೆರಳಿನಿಂದ ಕೈ ಒರೆಸಿಕೊಳ್ಳುತ್ತ ಬಂದರು. ಒನೊರೀನಾಳ ಗಂಡ ಎಜಿದಿಯೋ ಜೊತೆಯಲ್ಲಿದ್ದ.

"ಏನೇ, ಕಣ್ಣು ಹಂಗಾಗಿದೆ?"

"ಈರುಳ್ಳಿ ಹೆಚ್ಚಿದೆ."

ಅವರು ಬುತ್ತಿ ಬಿಚ್ಚಿದರು. "ಎಲ್ಲಿದೆ ಈರುಳ್ಳಿ? ಬರೀ ಬೂತಾಯಿ ಮೀನಿದೆ."

"ನಾನೇ ತಿಂದ್ಬಿಟ್ಟೆ ಕಣ್ರಿ."

"ಯುದ್ಧ ಬಂದ್ಮೇಲೆ ಹೆಂಡ್ತೀರೂ ಕಳ್ಳರಾದ್ರಲ್ಲ ಮೇಸ್ತ್ರಿ," ಎಂದ ಎಜಿದಿಯೋ. ಎಲ್ಲರೂ ನಕ್ಕರು. ದೇವರು ಮನ್ನಿಸಲಿ, ನಾನೂ ನಕ್ಕೆ.

"ಹುಡುಗನ ಕಾಗದ ಬಂತಾ?"

"ಇಲ್ಲ."

"ಬರುತ್ತೆ ಬಿಡು," ಎಂದು ಅವರು ಹಡಗಿನ ಅಡಿಗೆ ಹೋದರು.

ಕೂಗು ಶುರುವಾಯಿತು. ಒಂದು ಕೂಗು, ಎರಡೂ ಪಕ್ಕದಿಂದ ಒಂದೇ ಏಟು. ನಾನು ಜಪಮಾಲೆಯನ್ನು ಮುಷ್ಟಿಯಲ್ಲಿ ಹಿಡಿದು ನಿಂತೆ. ನಡುವೆ ಕೂಗು ನಿಂತಿತು. ಸೆವೆರಿನೋ ತಿರುಗಿ ನನ್ನನ್ನೇ ನೋಡುತ್ತಿದ್ದರು. ಕೊಡತಿಗಳೆಲ್ಲ ಎತ್ತಿದಲ್ಲೇ ಇದ್ದವು. ಬೆನ್ನ ಹಿಂದಿದ್ದ ಒನೊರೀನಾ ಮತ್ತೆ ನನ್ನ ತೋಳು ಹಿಡಿದಳು. ನಾನು ನೆಟ್ಟಗೆ ನಿಂತೆ, ಮುಖ ತಿರುಗಿಸಲಿಲ್ಲ.

ಕೂಗು ಮತ್ತೆ ಎದ್ದಿತು. ಮೊದಲಿಗಿಂತ ಗಟ್ಟಿಯಾಗಿತ್ತು, ಒಮ್ಮೆಯೂ ತಪ್ಪಲಿಲ್ಲ.

ಮರಗಳು ಬಿದ್ದವು. ಹಡಗು ನರಳಿತು, ಜಾರಿತು, ನೀರು ಸೇರಿತು. ಅಡಿಯಿಂದ ಒಬ್ಬೊಬ್ಬರಾಗಿ ಎಲ್ಲರೂ ಬಂದರು. ಎಜಿದಿಯೋ ಟೋಪಿ ಎಸೆದು ಕುಣಿಯುತ್ತಿದ್ದ. ಸೆವೆರಿನೋ ಕೊನೆಗೆ ಬಂದರು.

"ಯಾವಾಗ ತಿಳೀತು?"

"ಬೆಳಿಗ್ಗೆ," ಎಂದೆ. "ನಿಮ್ಗೆ?"

"ಕಾಗದ ಬಂತಾ ಅಂದಾಗ ನನ್ನ ಮುಖ ನೋಡ್ಲಿಲ್ಲ ನೀನು. ಆಮೇಲೆ ಅಡೀಲಿ ನಿಂತು ಯೋಚ್ನೆ ಮಾಡ್ದೆ." ಕುಣಿಯುತ್ತಿದ್ದ ಎಜಿದಿಯೋನ ಕಡೆ ನೋಡಿ, "ಅಷ್ಟು ಜನ ಅಡೀಲಿದ್ರು ಕಣೆ," ಎಂದರು.

ಅಲ್ಲಿಂದ ಇಬ್ಬರೂ ನೇರ ದೇವಾಲಯಕ್ಕೆ ಹೋದೆವು. ಶವವಿಲ್ಲ, ಪೆಟ್ಟಿಗೆಯಿಲ್ಲ, ಒಂದು ಮೇಣದಬತ್ತಿ ಮಾತ್ರ. ಪಾದ್ರಿಗಳು ಪ್ರಾರ್ಥನೆ ಶುರುಮಾಡಿದಾಗ ಸೆವೆರಿನೋ ಬಾಯಿ ತೆರೆದರು, ದನಿ ಹೊರಡಲಿಲ್ಲ. ಇಬ್ಬರ ಪಾಲಿನದನ್ನೂ ನಾನೇ ಹೇಳಿದೆ. ಸೆವೆರಿನೋ ತೀರಿಹೋದ ಮೇಲೂ ದಿನಾ ಹೇಳುತ್ತಿದ್ದೇನೆ.

ಕರ್ತನೇ, ಸಮಾಧಿಯಿಲ್ಲದೆ ಸಮುದ್ರದಲ್ಲಿ ಮಲಗಿರುವ ನಮ್ಮ ನೇವಿಯೋನನ್ನೂ ಅವನ ಜೊತೆಗಾರರನ್ನೂ ನಿನ್ನ ಕೈಗೆ ತೆಗೆದುಕೋ. ಅವರ ತಪ್ಪುಗಳನ್ನು ಮನ್ನಿಸು. ಆ ಕತ್ತಲೆಯ ನೀರಿನಿಂದ ನಿನ್ನ ಬೆಳಕಿಗೆ ಕರೆದುಕೊಂಡು ಅವರ ಆತ್ಮಗಳಿಗೆ ಶಾಂತಿ ಕೊಡು. ಆಮೆನ್.